ಬೊಟ್ಟಿನ ಕೆಳಗಿನ ಸಾಲು

ಮೊನ್ನೆ ಕೊಳ್ಳೇಗಾಲದಲ್ಲಿ ಅಕ್ಕ ಬೀರು ತೆಗೆದಾಗ ನುಸಿಗುಳಿಗೆಯ ವಾಸನೆ ಬಂತು, ಅದರ ಹಿಂದೆಯೇ ನನ್ನ ಎಡಗಣ್ಣಿನ ಕಥೆಯೂ ಬಂತು. ಅವಳು ಹೊರತೆಗೆದ ಚೌಕಳಿ ರೇಷ್ಮೆ ಸೀರೆಯಲ್ಲಿ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ಇನ್ನೂ ಅಂಟಿಕೊಂಡಿತ್ತು.

ನಲವತ್ತು ದಾಟಿದ ಮೇಷ್ಟ್ರು ಮಕ್ಕಳ ಜೊತೆ ಕ್ರಿಕೆಟ್ ಆಡಬಾರದು. ಕೆಲವು ವರ್ಷಗಳ ಹಿಂದೆ ನಾನು ಆಡಿದೆ. ಯಳಂದೂರಿನ ನಮ್ಮ ಶಾಲೆಯ ಬಯಲಿನಲ್ಲಿ ಕ್ಯಾಚ್ ಹಿಡಿಯಲು ಹೋಗಿ ಚೆಂಡನ್ನು ಕಣ್ಣಿನಲ್ಲೇ ಹಿಡಿದೆ. ಒಳಗಿನ ರೆಟಿನಾ ಊದಿದೆ, ದೃಷ್ಟಿ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ಗೆರೆ ಎಳೆದ ಚೌಕಗಳ ಹಾಳೆಯೊಂದನ್ನು ಕೊಟ್ಟು, ದಿನವೂ ಒಳ್ಳೆಯ ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಿ, ಗೆರೆಗಳು ನೆಟ್ಟಗೆ ಕಾಣುತ್ತವೆಯೇ ಗಮನಿಸಿ ಎಂದರು. ಆ ಹಾಳೆಯನ್ನು ಬಸ್ಸಿನಲ್ಲೇ ಬಿಟ್ಟು ಅಕ್ಕನ ಮನೆ ಸೇರಿದ ಜಾಣ ನಾನು.

"ಚೌಕ ತಾನೆ ಬೇಕಿರಾದು?" ಎಂದು ಅಕ್ಕ ಈ ಸೀರೆಯನ್ನೇ ಗೋಡೆಗೆ ತೂಗುಹಾಕಿ, ತನ್ನ ಹಣೆಯ ಬೊಟ್ಟು ಕಿತ್ತು ನಡುವೆ ಅಂಟಿಸಿದಳು. ಮದುವೆಯ ಹೊಸದರಲ್ಲಿ ಭಾವ ತಮ್ಮ ಮಗ್ಗದಲ್ಲೇ ಅವಳಿಗೆ ನೇಯ್ದುಕೊಟ್ಟ ಸೀರೆ ಅದು. ಮೊದಲ ದಿನ ಗೆರೆಗಳೆಲ್ಲ ನೀರಿನಲ್ಲಿ ಅಲ್ಲಾಡಿದ ಹಾಗೆ ಕಂಡವು. ಭಾವ ದಿನಾ ಮಗ್ಗದಿಂದಲೇ ಕೂಗುತ್ತಿದ್ದರು, "ಏನ್ಲಾ, ಗೀಟು ನೆಟ್ಟಗಾದ್ವಾ?" "ಇನ್ನೊಂದ್ ಸ್ವಲ್ಪ, ಭಾವ" ಎನ್ನುತ್ತಿದ್ದೆ. ನಿಧಾನವಾಗಿ ನೆಟ್ಟಗಾದವು ಕೂಡ. ಬೊಟ್ಟಿನ ಕೆಳಗಿನ ಒಂದು ಸಾಲು ಚೌಕ ಮಾತ್ರ ಕುಗ್ಗಿಯೇ ಉಳಿಯಿತು. ಎರಡು ವಾರ ಕಾದೆ. ಈ ಕಣ್ಣಿನ ಋಣ ಇಷ್ಟೇ ಎನ್ನಿಸಿ ಒಂದು ಬೆಳಿಗ್ಗೆ ಅತ್ತೇಬಿಟ್ಟೆ.

ಭಾವ ಮಗ್ಗ ಬಿಟ್ಟು ಎದ್ದು ಬಂದರು. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಅಡುಗೆಮನೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಇನ್ನೊಂದ್ ಕಣ್ ಬುಟ್ಟು ನೋಡ್ಲಾ."

ಒಳ್ಳೆಯ ಕಣ್ಣಿಗೂ ಅದು ಕುಗ್ಗಿಯೇ ಕಂಡಿತು! ಮುಚ್ಚು ಎಂದ ಕಣ್ಣನ್ನು ಅಷ್ಟು ದಿನ ಒಮ್ಮೆಯೂ ತೆರೆದು ನೋಡುವ ಬುದ್ಧಿ ಈ ಮೇಷ್ಟ್ರಿಗೆ ಹೊಳೆದಿರಲಿಲ್ಲ.

"ಅದು ನಿನ್ ಕಣ್ಣಲ್ಲ, ನನ್ ಕೈ ಕಣ್ಲಾ. ನೇಯ್ವಾಗ ಎಳೆ ಎಣಿಕೆ ತಪ್ಪೋಯ್ತು. ನಿಮ್ಮಕ್ಕಂಗೆ ಯೋಳ್ಬ್ಯಾಡ."

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಉಟ್ಟ ದಿನ್ವೇ ಕಂಡಿದ್ದೆ ಕಣ್ರಿ. ಆ ಸಾಲ್ನ ನೆರಿಗೆ ಒಳಕ್ಕೆ ಮಡ್ಚಿಕಂಡು ಉಡ್ತಿದ್ದೆ."

ನಾನು ಅಳುತ್ತಲೇ ನಕ್ಕೆ. ಭಾವ ಮಾತ್ರ ಅವತ್ತು ಸಂಜೆಯವರೆಗೆ ಮಗ್ಗದಿಂದ ತಲೆಯೆತ್ತಲಿಲ್ಲ.

ಮೊನ್ನೆ ನಾನು ಹೋಗಿದ್ದು ಭಾವನನ್ನು ನೋಡಲೆಂದು. ಅವರ ಕಣ್ಣಿನ ಪೊರೆ ತೆಗೆದು, ಅಂದೇ ಪಟ್ಟಿ ಬಿಚ್ಚಿದ್ದರು. ಅಕ್ಕ ಆ ಸೀರೆ ಉಟ್ಟು ಬಂದು ಅವರೆದುರು ನಿಂತಳು. ಕುಗ್ಗಿದ ಸಾಲು ಈ ಸಲ ನೆರಿಗೆಯ ಮೇಲೇ ಇತ್ತು.

ಭಾವ ಬಹಳ ಹೊತ್ತು ನೋಡಿದರು.

"ಕಾಣ್ತದೆ ಕಣಮ್ಮಿ" ಎಂದರು.