ತಟ್ಟೆಯಂಚಿನ ಬಿಳಿ ಚೂರು

ಸ್ಟೀಲ್ ತಟ್ಟೆಗೆ ಏನೋ 'ಟಿಣ್' ಎಂದು ಬಿದ್ದದ್ದು ನಿಜಕ್ಕೂ ಕೇಳಿಸಿತೋ, ಆಮೇಲೆ ನಾನೇ ಸೇರಿಸಿಕೊಂಡೆನೋ, ಇಂದಿಗೂ ಖಚಿತವಿಲ್ಲ. ದೆಹಲಿಯಲ್ಲಿ ಮೆಟ್ರೋ ಇನ್ನೂ ಹೊಸದಾಗಿದ್ದ ಒಂದು ಬೇಸಿಗೆ. ಮಯೂರ್ ವಿಹಾರ್‌ನ ಅತ್ತೆಯ ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅತ್ತೆ ಬಾಯಿಂದ ಬಿಳಿ ಚೂರೊಂದನ್ನು ತೆಗೆದು ತಟ್ಟೆಯಂಚಿಗೆ ಹಾಕಿದರು.

"ಈ ಅಂಗಡಿ ಭಯ್ಯಾ ಅಕ್ಕಿ ಮಾರ್ತಾನೋ ಕಲ್ಲು ಮಾರ್ತಾನೋ!" ಎಂದು ನಕ್ಕು ಮತ್ತೆ ಸಾರನ್ನ ಕಲಸತೊಡಗಿದರು.

ಚೂರನ್ನು ಎತ್ತಿಕೊಂಡೆ. ಕಲ್ಲಿನ ಭಾರವಿರಲಿಲ್ಲ; ಮೈತುಂಬ ಸಣ್ಣ ರಂಧ್ರಗಳಿದ್ದವು. ತಲೆಯೆತ್ತಿದರೆ, ನಗುತ್ತಿದ್ದ ಅತ್ತೆಯ ಬಾಯಲ್ಲಿ, ಚಳಿಗಾಲದಲ್ಲಿ ಹಲ್ಲು ಕೀಳಿಸಿದ್ದ ಜಾಗದಲ್ಲಿ ವಸಡೇ ಇರಲಿಲ್ಲ. ಬೂದು ಬಣ್ಣದ ಮೂಳೆ ಕಾಣುತ್ತಿತ್ತು.

"ನೋವಾಗ್ತಿಲ್ವಾ ಅತ್ತೆ?"

"ಏನೂ ಗೊತ್ತಾಗಲ್ಲ ಕಣೋ. ಯಾಕೆ ಹಾಗೆ ನೋಡ್ತೀಯ?"

ಕ್ಯಾನ್ಸರ್ ಮೂಳೆಗೆ ಹರಡಿದ್ದರಿಂದ ಅವರು ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು. ಹಲ್ಲು ಕಿತ್ತ ಡಾಕ್ಟರ್ ಅದೇ ಹೌಸಿಂಗ್ ಸೊಸೈಟಿಯವರಾದ್ದರಿಂದ, ಸುದ್ದಿ ಹಬ್ಬೀತೆಂದು ಹೆದರಿ ಅತ್ತೆ ಅವರಿಗೆ ಈ ವಿಷಯ ಹೇಳಿರಲಿಲ್ಲ.

ಅಂದು ಕಂಡದ್ದರಲ್ಲಿ ನನ್ನ ಕಲ್ಪನೆ ಎಷ್ಟೋ ತಿಳಿಯದು. ಚೂರನ್ನು ಮಾತ್ರ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ ಕೇಳಿದೆ. ಅದು ಅತ್ತೆಯ ದವಡೆಯ ಸತ್ತ ಮೂಳೆ. ಉಳಿದ ಮೂಳೆಗಳನ್ನು ಕಾಯಲೆಂದು ಕೊಡುತ್ತಿದ್ದ ಇಂಜೆಕ್ಷನ್ನೇ, ಹಲ್ಲು ಕಿತ್ತ ಗಾಯ ಮಾಯಗೊಡದೆ, ಅದನ್ನು ಕೊಂದಿತ್ತು.