ಹೂಂ ಅಂದವರು

ಫೋನ್ ಬಂದಾಗ ನಾನು ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದೆ. ಉಗುರಿನ ಸಂದಿಯೆಲ್ಲ ಉರಿಯುತ್ತಿತ್ತು. ನಾನು ಕೂತಲ್ಲೇ ತೂಕಡಿಸಿ ಕನಸು ಕಂಡಿರಬೇಕು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ನೆನಪಾಗುವುದು ಆ ಉರಿಯೇ. ತೂಕಡಿಸಿಕೊಂಡು ಯಾರೂ ಹಲಸಿನ ಬೀಜ ಸುಲಿಯಲಾರರು.

ಇಂಥ ಮಾತನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ನಂಜುಂಡೇಶ್ವರನ ಪಟದ ಮುಂದೆ ಎರಡು ಹೊತ್ತೂ ದೀಪ ಹಚ್ಚುತ್ತೇನೆ, ಅದು ಬೇರೆ. ಆದರೆ ‘ಯಾರೋ ಕರೆದ ಹಾಗಾಯ್ತು, ತಿರುಗಿ ನೋಡಿದರೆ ಯಾರೂ ಇಲ್ಲ’ ಎನ್ನುವವರಿಗೆ ‘ಊಟ ಜಾಸ್ತಿ ಆಗಿರಬೇಕು’ ಎಂದು ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ನಮ್ಮದು ಮೈಸೂರಿನ ಕಡೆ. ನಮ್ಮ ಯಜಮಾನರು ಕೇಂದ್ರ ಸರ್ಕಾರದ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮೊದಲು ಕೊಚ್ಚಿಗೆ ವರ್ಗವಾಗಿ ಪಾಲಾರಿವಟ್ಟಂನಲ್ಲಿ ಮನೆ ಮಾಡಿದ್ದೆವು. ಅಲ್ಲಿ ಮೇಲಿನ ಮಹಡಿಯಲ್ಲಿ ಬ್ಯಾಂಕಿನಲ್ಲಿದ್ದ ಒಬ್ಬರ ಕನ್ನಡ ಸಂಸಾರವಿತ್ತು, ಸಂಜೆ ಮೆಟ್ಟಿಲ ಮೇಲೆ ಕೂತು ನಾಲ್ಕು ಮಾತಾಡಬಹುದಿತ್ತು. ತಿರುವನಂತಪುರಕ್ಕೆ ಬಂದು ಉಳ್ಳೂರಿನ ಹತ್ತಿರ ಬಾಡಿಗೆಗೆ ಇದ್ದ ಮೇಲೆ ಅದೂ ತಪ್ಪಿತು. ಎದುರುಮನೆ ಚೇಚಿ, ಇಲ್ಲಿ ಅಕ್ಕ ಅನ್ನುವುದಕ್ಕೆ ಹಾಗೇ ಕರೆಯುತ್ತಾರೆ, ಬಹಳ ಒಳ್ಳೆಯವರು. ಮೀನು ಬೇಯಿಸುವ ದಿನ ನಮ್ಮ ಕಡೆಯ ಕಿಟಕಿಯನ್ನು ತಾವಾಗಿಯೇ ಮುಚ್ಚುತ್ತಾರೆ. ಆದರೆ ನನ್ನ ಮಲಯಾಳ ತರಕಾರಿ ಅಂಗಡಿಯವರೆಗೆ ಹೋಗಿ ವಾಪಸು ಬರುವಷ್ಟು ಮಾತ್ರ. ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ‘ಊಟ ಬಡಿಸ್ಲಾ ಪುಟ್ಟಿ?’ ಎಂದರೆ ‘ಪಿನ್ನೆ ಮದಿ ಅಮ್ಮೇ’ ಎಂದು, ಆಮೇಲೆ ಸಾಕು ಅಂತ, ತಲೆ ಎತ್ತದೆ ಹೇಳುತ್ತಾಳೆ.

ಇನ್ನು ನಮ್ಮ ಯಜಮಾನರು. ದಿನವೆಲ್ಲ ಮಕ್ಕಳ ಗದ್ದಲದ ಮೇಲೆ ದನಿ ಎತ್ತಿ ಪಾಠ ಹೇಳಿ ಬರುವ ಮನುಷ್ಯನಿಗೆ ಮನೆಯಲ್ಲಿ ಮಾತೇ ಉಳಿಯುತ್ತಿರಲಿಲ್ಲ. ‘ಬೆಳಗಿಂದ ಅರಚಿ ಬಂದಿದೀನಿ ಕಣೇ. ನೀನು ಹೇಳು, ನಾನು ಕೇಳ್ತೀನಿ’ ಎಂದು ಮುಂದಿನ ಕೋಣೆಯ ಬೆತ್ತದ ಕುರ್ಚಿಯಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನಾನು ಅಡುಗೆಮನೆಯಿಂದ ನನ್ನ ದಿನದ ಕತೆ ಹೇಳುತ್ತಿದ್ದೆ. ನಡುವೆ ಒಂದು ಗೋಡೆ. ಮುಖ ಕಾಣುತ್ತಿರಲಿಲ್ಲ, ಆದರೆ ಹೇಳುವ ಕಡೆ ಹೇಳಬೇಕಾದ ಹಾಗೆ ‘ಹೂಂ’ ಬರುತ್ತಿತ್ತು. ಎದೆಯಿಂದ ಎದ್ದ, ದೊಡ್ಡ ಹಂಡೆಯೊಳಗೆ ಮಾತಾಡಿದಂಥ ದನಿ. ಕತೆ ಹೇಳುವವರಿಗೆ ಹೂಂಗುಟ್ಟುವವರೊಬ್ಬರು ಬೇಕು ಎಂದು ನಮ್ಮಮ್ಮ ಹೇಳುತ್ತಿದ್ದರು. ಈ ಇಡೀ ಊರಿನಲ್ಲಿ ನನಗಾಗಿ ಇದ್ದದ್ದು ಆ ಒಂದು ಹೂಂ.

ಈ ಫೋನ್ ಬಂದ ವರ್ಷ ಅವರ ಗಂಟಲು ಕಟ್ಟಿತು. ಮೊದಲು ಶುಂಠಿ ಕಷಾಯ, ಆಮೇಲೆ ಉಪ್ಪುನೀರು. ತಿಂಗಳುಗಳಾದರೂ ಸರಿಹೋಗದೆ ಆಸ್ಪತ್ರೆಗೆ ಹೋದಾಗ ದನಿಯ ತಂತುವಿನ ಮೇಲೆ ಏನೋ ಬೆಳೆದಿದೆ ಎಂದರು. ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ, ಗಾಯ ಮಾಯುವವರೆಗೆ, ಒಂದು ಮಾತೂ ಆಡಬಾರದು. ಪಿಸುಮಾತು ಕೂಡ ಬೇಡ, ಹೂಂ ಅನ್ನುವುದೂ ಬೇಡ ಎಂದರು. ಕ್ಯಾನ್ಸರ್ ಎಂಬ ಶಬ್ದವನ್ನು ಮನೆಯಲ್ಲಿ ನಾವಿಬ್ಬರೂ ತರಲಿಲ್ಲ. ಮೇಷ್ಟ್ರ ಗಂಟಲೇ ನಮ್ಮ ಅನ್ನ. ಅದಕ್ಕಿಂತ ಹೆಚ್ಚಾಗಿ, ಅದು ಹೋದರೆ ನನ್ನ ಪಾಲಿಗೆ ಏನು ಉಳಿಯುತ್ತದೆ ಎಂಬ ಸ್ವಾರ್ಥದ ಯೋಚನೆಯೂ ಬರುತ್ತಿತ್ತು.

ಅವರು ಮಗಳ ಹಳೆಯ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ನನ್ನನ್ನು ಕರೆಯಬೇಕಾದರೆ ಲೋಟ ಬಡಿಯುತ್ತಿದ್ದರು. ಕಷ್ಟ ಬಂದಾಗ ಸಣ್ಣಪುಟ್ಟ ಒಳ್ಳೆಯದನ್ನು ಎಣಿಸಿಕೊಳ್ಳುವುದು ನನ್ನ ಅಭ್ಯಾಸ: ಆಸ್ಪತ್ರೆ ಹತ್ತಿರದಲ್ಲೇ ಇದೆ, ನುಂಗಲು ನೋವಿಲ್ಲ, ಮಗಳು ಹಟ ಮಾಡದೆ ಶಾಲೆಗೆ ಹೋಗುತ್ತಿದ್ದಾಳೆ. ಅಷ್ಟು ಎಣಿಸುವುದರೊಳಗೆ ರಾತ್ರಿಯ ನಿದ್ದೆ ಬರುತ್ತಿತ್ತು. ಅದೂ ಒಂದು ದಯೆಯೇ.

ಫಲಿತಾಂಶದ ದಿನ ಅವರ ಜೊತೆ ಶಾಲೆಯ ರಾಜನ್ ಸಾರ್ ಹೋಗುವುದೆಂದು ಆಗಿತ್ತು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಯಾರಾದರೂ ಇರಬೇಕಲ್ಲ, ಅದಕ್ಕೆ ನಾನು ಮನೆಯಲ್ಲೇ ಉಳಿದೆ. ಊಟ ಮುಗಿಸಿ ಹೊರಡುತ್ತಾರೆ ಎಂದುಕೊಂಡಿದ್ದೆ. ಬೆಳಗಿನ ಹನ್ನೊಂದರ ಸುಮಾರಿಗೆ ನಾನು ಮಿಕ್ಸಿಯಲ್ಲಿ ಕಾಯಿ ರುಬ್ಬುತ್ತಿದ್ದೆ. ಅರ್ಧದಲ್ಲೇ ಕರೆಂಟು ಹೋಯಿತು. ಇನ್ನು ಕೈಗೆ ಬೇರೆ ಕೆಲಸ ಬೇಕು ಎಂದು ಬೀಜ ಹಿಡಿದು ಕೂತೆ, ಒಂದು ಗಂಟೆ ಸುಲಿದಿರಬೇಕು.

ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ನನಗೆ ತಡೆಯಲಾಗಲಿಲ್ಲ. ಮುಂದಿನ ಕೋಣೆಯಲ್ಲಿ ಕೂತ ಅವರಿಗೂ ಹೊತ್ತು ಹೋಗಲಿ ಎಂದು ಕೊಚ್ಚಿಯ ಹಳೆಯ ಕತೆ ತೆಗೆದೆ. ಹೊಸದಾಗಿ ಬಂದಿದ್ದಾಗ ಒಬ್ಬ ವಿದ್ಯಾರ್ಥಿಯ ತಂದೆ ಬಾಗಿಲಿಗೆ ಬಂದು ‘ಸಾರ್ ಉಂಡೋ?’ ಎಂದು ಕೇಳಿದ್ದರು. ಮೇಷ್ಟ್ರು ಇದ್ದಾರಾ ಎಂದು ಅದರ ಅರ್ಥ. ನನ್ನ ಕಿವಿಗೆ ಬಿದ್ದದ್ದು ಸಾರು ಉಂಟೋ ಎಂದು. ಪಾಪ, ಹಸಿದು ಬಂದಿದ್ದಾರೆ ಎಂದು ಒಂದು ಬಟ್ಟಲು ಬೇಳೆ ಸಾರು ತಂದುಕೊಟ್ಟೆ. ಆತ ಬಟ್ಟಲನ್ನೂ ನನ್ನನ್ನೂ ನೋಡಿದರು. ಮರ್ಯಾದಸ್ಥರು, ನಿಂತೇ ಕುಡಿದರು. ಬಟ್ಟಲು ಕೊಟ್ಟು ಮತ್ತೆ, ‘ಸಾರ್ ಉಂಡೋ?’ ನಾನು ‘ಉಂಡು, ಉಂಡು’ ಎಂದು ಇನ್ನೊಂದು ಬಟ್ಟಲು ತಂದೆ.

ಈ ಕತೆಯನ್ನು ನಾನು ಎಷ್ಟು ಸಲ ಹೇಳಿದರೂ ನಮ್ಮ ಯಜಮಾನರು, ಎರಡನೆಯ ಬಟ್ಟಲು ಬರುವುದಕ್ಕೆ ಮೊದಲೇ, ಆತ ಬಟ್ಟಲು ವಾಪಸು ಕೊಡುವ ಜಾಗದಲ್ಲಿ ಮೂಗಿನಲ್ಲಿ ನಗುತ್ತಿದ್ದರು.

ಅವತ್ತು ಕತೆ ಶುರು ಮಾಡಿ ನಾಲ್ಕು ಮಾತು ಆಗಿರಬೇಕು, ಮುಂದಿನ ಕೋಣೆಯಿಂದ ‘ಹೂಂ’ ಎಂದಿತು. ಕಟ್ಟಿದ ಗಂಟಲಿನದಲ್ಲ. ಮೊದಲಿನ ದನಿ, ತುಂಬಿದ ದನಿ. ಬೈಯಬೇಕಿತ್ತು, ಡಾಕ್ಟರು ಅಷ್ಟು ಹೇಳಿದ್ದಾರೆ. ಆದರೆ ನನಗೆ ಎಷ್ಟು ಸಂತೋಷವಾಯಿತೆಂದರೆ ಬೈಯುವ ಬದಲು ಕತೆಯನ್ನು ಎಳೆದೆ. ಬಾಗಿಲಿಗೆ ಬಂದವರ ಮೀಸೆ, ಕೊಡೆ, ಎಲ್ಲ ಸೇರಿಸಿದೆ. ಒಂದೊಂದಕ್ಕೂ ‘ಹೂಂ’ ಬಂತು. ಬಟ್ಟಲು ವಾಪಸು ಕೊಟ್ಟರು ಎನ್ನುತ್ತಲೂ ಆ ನಗು ಬಂತು, ಅದೇ ಜಾಗದಲ್ಲಿ.

ಆಗ ನನಗೆ ಧೈರ್ಯ ಬಂತು. ಅಷ್ಟು ದಿನ ಕೇಳದೆ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ.

‘ರೀ, ಏನೂ ಇಲ್ಲ ಅಂತಲೇ ಬರುತ್ತೆ ಅಲ್ವಾ?’

ಹೂಂ ಬರಲಿಲ್ಲ. ಬೀಜ ಕೈಯಲ್ಲೇ ಹಿಡಿದು ಕಾದೆ. ಬರಲಿಲ್ಲ. ಪಕ್ಕದಲ್ಲಿದ್ದ ಫೋನ್ ಬಡಿದುಕೊಂಡಿತು.

‘ಚೇಚೀ, ಪೇಡಿಕ್ಕಂಡ ಕೇಟ್ಟೋ’ ಎಂದರು ರಾಜನ್ ಸಾರ್. ಹೆದರಬೇಡಿ ಅಂತ. ಫಲಿತಾಂಶ ಬಂದಿದೆ, ಕೆಟ್ಟದ್ದೇನೂ ಇಲ್ಲ, ಸಾಧಾರಣ ಗಂಟು ಎಂದರು. ನಾನು ದೇವರ ಪಟದ ಕಡೆ ಕೈ ಎತ್ತಿದೆ. ತಕ್ಷಣ ನನ್ನ ಹರಕು ಮಲಯಾಳದಲ್ಲಿ, ‘ಸಾರ್ ಮನೆಯಲ್ಲೇ ಇದ್ದಾರಲ್ಲ, ನೀವೊಬ್ಬರೇ ಹೋದಿರಾ?’ ಎಂದು ಕೇಳಿದೆ.

‘ಅಯ್ಯೋ ಚೇಚೀ, ಸಾರ್ ಇವಿಡೆ ಎನ್ಟೆ ಕೂಡೆ ಉಂಡಲ್ಲೋ!’ ಎಂದು ಅವರು ನಕ್ಕರು. ಸಾರ್ ಇಲ್ಲೇ ನನ್ನ ಜೊತೆ ಇದ್ದಾರಲ್ಲ, ಡಾಕ್ಟರು ಬೇಗ ಬರಲು ಹೇಳಿದರು, ಮಿಕ್ಸಿ ಸದ್ದಿನಲ್ಲಿ ನಿಮಗೆ ಲೋಟ ಬಡಿದದ್ದು ಕೇಳಿಸಲಿಲ್ಲ, ಬಾಗಿಲಿಂದಲೇ ಕೈಬೀಸಿ ಬಂದೆವು ಎಂದರು.

ನಾನು ಎದ್ದು ಹೋಗಿ ನೋಡಿದೆ. ಬೆತ್ತದ ಕುರ್ಚಿ ಖಾಲಿ. ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಹೋಗಿದ್ದರು. ಕುರ್ಚಿಯ ಮೇಲೆ ಸ್ಲೇಟಿನಲ್ಲಿ ‘ಹೋಗಿ ಬರ್ತೀನಿ’ ಎಂದು ಬರೆದಿಟ್ಟಿದ್ದರು.

ಸಂಜೆ ಅವರಿಗೆ ಎಲ್ಲ ಹೇಳಿದೆ. ಗಮನವಿಟ್ಟು ಕೇಳಿ, ‘ಎದುರುಮನೆ ಟೀವಿ’ ಎಂದು ಬರೆದರು. ‘ಕರೆಂಟ್ ಹೋಗಿತ್ತಲ್ಲ ರೀ’ ಎಂದೆ. ಅದನ್ನು ಒರೆಸಿದರು. ಸ್ಲೇಟನ್ನು ಕೆಳಗಿಟ್ಟರು.

ದೇವರು ಜೀವ ಉಳಿಸಿಕೊಟ್ಟ. ನೌಕರಿಯೂ ಉಳಿಯಿತು. ಆದರೆ ಗಾಯ ಮಾದ ಮೇಲೆ ಅವರಿಗೆ ಬಂದದ್ದು ಬೇರೆಯೇ ದನಿ, ಸಣ್ಣದು, ಒಣಗಿದ್ದು. ತರಗತಿಯಲ್ಲಿ ಅಂಗಿಗೆ ಮೈಕು ಸಿಕ್ಕಿಸಿಕೊಂಡು ಪಾಠ ಮಾಡುತ್ತಾರೆ. ಮೊದಮೊದಲು ಮಕ್ಕಳು ಅಣಕಿಸಿದರಂತೆ, ಈಗ ಅವರೇ ಅದರ ಬ್ಯಾಟರಿ ಚಾರ್ಜು ಮಾಡಿಡುತ್ತಾರೆ. ಮನೆಯಲ್ಲಿ ಹೂಂ ಅನ್ನುತ್ತಾರೆ, ಗೋಡೆ ದಾಟಿ ನನ್ನವರೆಗೆ ಬರುವುದಿಲ್ಲ. ನಾನೇ ಕೆಲಸ ಎತ್ತಿಕೊಂಡು ಹೋಗಿ ಅವರ ಹತ್ತಿರ ಕೂರುತ್ತೇನೆ. ಅವರ ಆ ಹಳೆಯ ದನಿಯನ್ನು ನಾನು ಕೊನೆಯ ಸಲ ಕೇಳಿದ್ದು ಅವರಿಲ್ಲದ ಮನೆಯಲ್ಲಿ. ಯಾರು ಹೂಂಗುಟ್ಟಿದರು, ಆ ಒಂದು ಮಾತಿಗೆ ಮಾತ್ರ ಏಕೆ ಸುಮ್ಮನಾದರು, ನನಗೆ ಇವತ್ತಿಗೂ ತಿಳಿದಿಲ್ಲ. ದೇವರು ಎನ್ನಲು ಬಾಯಿ ಬರುವುದಿಲ್ಲ, ಬೇರೆ ಏನೋ ಎನ್ನಲು ಮನಸ್ಸು ಬರುವುದಿಲ್ಲ.

ಒಂದನ್ನು ಮಾತ್ರ ಅವರಿಗೂ ಹೇಳಿಲ್ಲ. ಅವತ್ತು ಫೋನ್ ಇಟ್ಟ ಮೇಲೆ, ಅವರು ಬರುವ ಮೊದಲು, ನಾನು ಮತ್ತೆ ಅದೇ ಜಾಗದಲ್ಲಿ ಕೂತೆ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಇನ್ನೊಂದು ಕತೆ ಶುರು ಮಾಡಿ, ಹೂಂ ಬರಬೇಕಾದ ಕಡೆ ನಿಲ್ಲಿಸಿದೆ. ಹಿತ್ತಲಲ್ಲಿ ಕಾಗೆ ಕೂಗಿತು, ಅಷ್ಟೆ. ಕತೆಯನ್ನು ಅಲ್ಲಿಗೇ ಬಿಟ್ಟು ಎದ್ದೆ. ಹೊರಗೆ ಮೋಡ ಕವಿದಿತ್ತು. ತಂತಿಯ ಮೇಲಿದ್ದ ಬಟ್ಟೆಗಳನ್ನು ತೆಗೆದು ಒಳಗೆ ತಂದು ಮಡಚತೊಡಗಿದೆ.