ಎಡಗೈಯ ಹಿಡಿ

ಚಾಚಾರ ಬಿಳಿ ಗಡ್ಡದಲ್ಲಿ ಸದಾ ಸ್ಟೀಲಿನ ಪುಡಿ ಮಿನುಗುತ್ತಿತ್ತು. ಊಟಕ್ಕೆ ಕೂತಾಗ ಚಾಚಿ ಅದನ್ನು ಸೆರಗಿನ ತುದಿಯಿಂದ ಕೊಡವಿ, "ಅನ್ನಕ್ಕೆ ಬೀಳ್ತೈತೆ, ಮೊದ್ಲು ಮುಖ ತೊಳ್ಕೊಂಡು ಬರ್ರಿ" ಎಂದು ಗದರುತ್ತಿದ್ದರು.

ಚನ್ನಗಿರಿಯಲ್ಲಿ ಅವರದು ನಲ್ಲಿ, ಪೈಪುಗಳ ಅಂಗಡಿ. ಮನೆಯವರ ಒಪ್ಪಿಗೆಯಿಲ್ಲದೆ ಬೇರೆ ಜಾತಿಯವನನ್ನು ಮದುವೆಯಾಗಿ ಬಂದಿದ್ದ ನನಗೆ ಆ ಊರಲ್ಲಿ ಬಾಡಿಗೆಗೆ ಮನೆ ಕೊಟ್ಟವರು ಅವರೊಬ್ಬರೇ. ಯಾರು, ಯಾವ ಪೈಕಿ ಎಂದು ವಿಚಾರಿಸಲಿಲ್ಲ. "ಮೇಲ್ಗಡೆ ನೀರು ಸಣ್ಣಗೆ ಬರ್ತೈತೆ ಬೇಟಿ, ನಡೀತೈತಾ?" ಎಂದು ಕೇಳಿದ್ದರು, ಅಷ್ಟೇ.

ಅಂಗಡಿ ಮುಚ್ಚಿ ಬಂದವರು ಹಿತ್ತಲಿನ ಕಟ್ಟೆಯ ಮೇಲೆ ಕೂತು ಅರದಿಂದ ಏನನ್ನೋ ಉಜ್ಜುತ್ತಿದ್ದರು. ಅದೊಂದು ಕತ್ತಿಯ ಹಿಡಿ. ಸಾದಾ ಕತ್ತಿಯಲ್ಲ, ಬಾಹ್ಯಾಕಾಶದ ಸಿನಿಮಾಗಳಲ್ಲಿ ಗುಂಡಿ ಒತ್ತಿದರೆ ಹಿಡಿಯಿಂದ ಬೆಳಕೇ ಅಲಗಾಗಿ ಚಿಮ್ಮುತ್ತದಲ್ಲ, ಅಂಥದ್ದು. ಹುಡುಗರಾಗಿದ್ದಾಗ ಅಂಥದೊಂದು ಸಿನಿಮಾ ನೋಡಿ ಬಂದು ಅವರೂ ಅವರ ತಮ್ಮನೂ ಬಿದಿರು ಕೋಲು ಹಿಡಿದು ಬೀದಿಯುದ್ದಕ್ಕೂ ಕಾದಾಡಿದ್ದರಂತೆ. ಮುಂದೆ ಅಪ್ಪನ ಅಂಗಡಿಯ ಪಾಲಿನ ಮಾತು ಬಂದು ಇಬ್ಬರ ನಡುವೆ ಮಾತು ನಿಂತಿತು. ತಮ್ಮ ಜಗಳೂರಿಗೆ ಹೋಗಿ ನೆಲೆಸಿದರು.

"ಬರೀ ಕೈಯಲ್ಲಿ ಹೋದ್ರೆ ಏನಂತ ಮಾತಾಡಲಿ? ಇದನ್ನ ಕೈಗಿಟ್ರೆ ಅವನೇ ನಗ್ತಾನೆ" ಎನ್ನುತ್ತಿದ್ದರು.

ವಾಶ್‌ಬೇಸಿನ್ನಿನ ಕೆಳಗೆ ಹಾಕುವ ಸ್ಟೀಲ್ ಪೈಪನ್ನು ಕತ್ತರಿಸಿ ಹಿಡಿ ಮಾಡಿದ್ದರು. ಬುಡಕ್ಕೆ ಹಳೆಯ ನಲ್ಲಿಯ ತಿರುಪು, ಸುತ್ತ ಕಪ್ಪು ರಬ್ಬರ್ ವಾಷರುಗಳು, ಬದಿಯಲ್ಲಿ ಟಾರ್ಚಿನ ಗುಂಡಿ. ಒಳಗೆ ಬ್ಯಾಟರಿ, ನೀಲಿ ದೀಪ. ಅಲಗಿಗೆ ಹಾಲುಬಣ್ಣದ ಪ್ಲಾಸ್ಟಿಕ್ ಕೊಳವೆ. ತಮ್ಮ ಎಡಚ. ಹಾಗಾಗಿ ಗುಂಡಿ ಎಡಗೈ ಹೆಬ್ಬೆರಳಿಗೇ ಸಿಗಬೇಕೆಂದು ಚಾಚಾ ಹಿಡಿಯನ್ನು ತಾವೇ ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒತ್ತಿ ನೋಡುತ್ತಿದ್ದರು. "ಊಹ್ಞೂಂ, ಅವನ ಬೆರಳು ಉದ್ದ" ಎಂದು ಬಿಚ್ಚುತ್ತಿದ್ದರು. ಮತ್ತೆ ತೂತು ಕೊರೆಯುವುದು, ಮತ್ತೆ ಉಪ್ಪುಕಾಗದ ಹಾಕಿ ತಿಕ್ಕುವುದು.

ನನ್ನ ಕಣ್ಣಿಗೆ ಅದು ಯಾವತ್ತೋ ಮುಗಿದಿತ್ತು. ಒಮ್ಮೆ ಹಾಗೆಂದೂ ಬಿಟ್ಟೆ. ಚಾಚಾ ತಲೆಯೆತ್ತಲಿಲ್ಲ. "ಇನ್ನೊಂಚೂರು ಐತೆ ಬೇಟಿ. ಈ ಹಬ್ಬಕ್ಕೆ ಆಗಲ್ಲ, ಮುಂದಿನ ಹಬ್ಬಕ್ಕೆ ಹೋಗಾಕೆ ಅಡ್ಡಿಯಿಲ್ಲ" ಎಂದರು. ಆ ಮುಂದಿನ ಹಬ್ಬವೂ ಬಂದು ಹೋಯಿತು.

ತಮ್ಮ ತೀರಿಕೊಂಡ ಸುದ್ದಿ ಬಂದ ದಿನ ಚಾಚಾ, ಚಾಚಿಯ ಜೊತೆ ನಾನೂ ಬಸ್ಸು ಹತ್ತಿದೆ. ದಾವಣಗೆರೆ ದಾಟಿ ಜಗಳೂರು ಮುಟ್ಟುವವರೆಗೂ ಚಾಚಾ ಟವೆಲ್ಲಿನಲ್ಲಿ ಸುತ್ತಿದ ಹಿಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾವು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ತಮ್ಮನ ಹೆಂಡತಿಯ ಮುಂದೆ ಟವೆಲ್ಲು ಬಿಚ್ಚಿ, "ಅವನಿಗೇ ಅಂತ ಮಾಡಿದ್ದು. ಎಡಗೈಯಾಗೆ ಹಿಡಿಯಾಕೆ" ಎಂದರು.

ಆಕೆ ಅದರ ಮೇಲೆ ಬೆರಳಾಡಿಸಿದರು. ಉರ್ದುವಿನಲ್ಲಿ ಹೇಳಿದರೂ ಅವರ ಮಾತು ನನಗೆ ಅರ್ಥವಾಯಿತು: "ಭಾಯ್‌ಜಾನ್, ಲಕ್ವ ಹೊಡೆದು ಅವರ ಎಡಗೈ ಸತ್ತು ಎಷ್ಟೋ ವರ್ಷ ಆಯ್ತು. ಬಲಗೈಯಲ್ಲೇ ಬರೆಯೋದು ಕಲಿತಿದ್ರು. ನಿಮಗೆ ಯಾರೂ ಹೇಳಲಿಲ್ವಾ?"

ಯಾರೂ ಹೇಳಿರಲಿಲ್ಲ. ಇವರೂ ಯಾರನ್ನೂ ಕೇಳಿರಲಿಲ್ಲ. ಚಾಚಾ ಹಿಡಿಯನ್ನು ತಮ್ಮನ ಕನ್ನಡಕದ ಪಕ್ಕ ಗೂಡಿನಲ್ಲಿಟ್ಟು ಹೊರಗೆ ಬಂದು ಚಪ್ಪಲಿ ಹುಡುಕತೊಡಗಿದರು. ಚಪ್ಪಲಿ ಅವರ ಕಾಲ ಬಳಿಯೇ ಇತ್ತು.

ಊರಿಗೆ ಬಂದ ಮೇಲೆ ಅವರು ಹಿತ್ತಲಿಗೆ ಹೋಗುವುದನ್ನೇ ಬಿಟ್ಟರು. ಒಂದು ಭಾನುವಾರ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕೂಗಿದರು. "ನಿಮ್ಮಕ್ಕ ಇರೋದು ನ್ಯಾಮತಿಯಾಗಲ್ಲೇನು? ಸ್ಕೂಟರ್ ಹತ್ತು."

ನಾನು ಮದುವೆಯಾದಂದಿನಿಂದ ಅಕ್ಕ ನನ್ನ ಫೋನು ಎತ್ತುತ್ತಿರಲಿಲ್ಲ. "ಒಂದು ಸೀರೆನಾದ್ರೂ ತಗೊಂಡು ಇನ್ನೊಂದಿನ ಹೋಗ್ತೀನಿ ಚಾಚಾ" ಎಂದೆ.

"ಏನೂ ಬ್ಯಾಡ. ಹಿಂಗೇ ಬಾ" ಎಂದರು. ಅವರು ದನಿ ಏರಿಸಿದ್ದನ್ನು ಕೇಳಿದ್ದು ಅದೊಂದೇ ಸಲ.

ಅಕ್ಕ ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಸೊರಗೀಯೇ" ಎಂದಳು. ಹಿಂದಿರುಗುವಾಗ ಹೊನ್ನಾಳಿ ಸೇತುವೆಯ ಹತ್ತಿರ ಚಾಚಾ ಕೇಳಿದರು, "ನಿಮ್ಮಕ್ಕ ಮೊದ್ಲು ಏನಂದ್ಲು?" ಹೇಳಿದೆ. ಸ್ವಲ್ಪ ದೂರ ಹೋಗಿ ಸ್ಕೂಟರ್ ನಿಲ್ಲಿಸಿದರು. ಹೊಳೆಯ ಕಡೆ ಮುಖ ಮಾಡಿ, "ಅಷ್ಟೇನಾ? ಅಷ್ಟರಾಗೇ ಮುಗೀತಾ?" ಎಂದರು. ಅವರ ಹೆಗಲು ಅಲುಗುತ್ತಿತ್ತು. ನಾನು ಸ್ಕೂಟರ್ ಹಿಡಿದುಕೊಂಡು ನಿಂತೆ.

ಕಳೆದ ಚಳಿಗಾಲದಲ್ಲಿ ಚಾಚಾ ನಿದ್ದೆಯಲ್ಲೇ ಹೋದರು. ಸುದ್ದಿ ತಿಳಿದು ಅಕ್ಕ ನ್ಯಾಮತಿಯಿಂದ ಸಿಕ್ಕ ಬಸ್ಸಿಗೆ ಬಂದಳು. ಚಾಚಿಯ ಕೈ ಹಿಡಿದು ಕೂತು, ಸ್ವಂತದವರನ್ನು ಕಳೆದುಕೊಂಡವಳ ಹಾಗೆ ಅತ್ತಳು. ಚಾಚಾರನ್ನು ಅವಳು ನೋಡಿದ್ದು ಒಮ್ಮೆ ಮಾತ್ರ: ಒಳಗೆ ಬನ್ನಿ ಎಂದು ಎಷ್ಟು ಕರೆದರೂ, "ನೀವು ಮಾತಾಡ್ರಿ, ನಾನು ಇಲ್ಲೇ ಇರ್ತೀನಿ" ಎಂದು ಗೇಟಿನ ಹೊರಗೆ ಬಿಸಿಲಲ್ಲಿ ಸ್ಕೂಟರಿನ ಮೇಲೆ ಕೂತಿದ್ದಾಗ.